ಕಡಿಯಲು ಅನುದಾನ, ಕಾಯಲು ಇಲ್ಲ: ಕೊಪ್ಪಳ ಜಿಲ್ಲೆಯ ಜಾಲಿ ತೆರವಿಗೆ ಹಣ ಎಲ್ಲಿಂದ?

ಕೊಪ್ಪಳ: ಕುಷ್ಟಗಿಯ ಮಸಾರಿ ನೆಲವಿರಲಿ, ಯಲಬುರ್ಗಾದ ಎರೆ ಭೂಮಿಯಿರಲಿ, ಗಂಗಾವತಿಯ ಕಾಲುವೆ ದಂಡೆಯಿರಲಿ, ಕೊಪ್ಪಳ ನಗರದ ಹೊರವಲಯವಿರಲಿ, ಉಳುಮೆ ನಿಂತಲ್ಲಿ ಬಳ್ಳಾರಿ ಜಾಲಿ ಶುರುವಾಗುತ್ತದೆ. ಕೆರೆಯಂಗಳ, ಹಳ್ಳದ ಪಾತ್ರ, ಗಾಯರಾಣ, ಸ್ಮಶಾನ, ರಸ್ತೆ ಬದಿ ಇವೆಲ್ಲ ಅದರ ಠಾಣ್ಯಗಳು. ಪ್ರತಿ ಬೇಸಿಗೆಯಲ್ಲಿ ಎಲ್ಲಾದರೂ ಒಂದು ಕಡೆ ಜೆಸಿಬಿ ಸದ್ದು ಕೇಳುತ್ತದೆ, ಜಾಲಿ ಕಂಟಿಯ ರಾಶಿ ಏಳುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಅದೇ ಜಾಗಕ್ಕೆ ಹೋದರೆ ಹಲವೆಡೆ ಮೊದಲಿಗಿಂತ ದಟ್ಟವಾದ ಪೊದೆ ಕಾಣುತ್ತದೆ.

ಇದಕ್ಕೆ ಗಿಡದ ಗುಣ ಅರ್ಧ ಕಾರಣ. ಉಳಿದರ್ಧ ಕಾರಣ ಸರ್ಕಾರದ ಲೆಕ್ಕಪತ್ರದಲ್ಲಿದೆ. ಸಾರ್ವಜನಿಕ ಭೂಮಿಯಲ್ಲಿ ಆಕ್ರಮಣಕಾರಿ ಸಸ್ಯಗಳ ನಿರ್ವಹಣೆಗೆಂದೇ ಮೀಸಲಾದ ಅನುದಾನ ಗ್ರಾಮ ಪಂಚಾಯಿತಿಗೆ ಬರುವುದಿಲ್ಲ. ಬರುವ ಹಣವೆಲ್ಲ ಹೂಳೆತ್ತುವುದು, ಸಸಿ ನೆಡುವುದು, ಜಲಾನಯನ ಅಭಿವೃದ್ಧಿ ಮುಂತಾದ ಬೇರೆ ಹೆಸರಿನ ಕಾಮಗಾರಿಗಳ ಬೆನ್ನೇರಿ ಬರುತ್ತದೆ. ಆ ಕಾಮಗಾರಿ ಮುಗಿದೊಡನೆ ಹಣವೂ ನಿಲ್ಲುತ್ತದೆ. ಗಿಡ ಮಾತ್ರ ನಿಲ್ಲುವುದಿಲ್ಲ.

ಸರ್ಕಾರವೇ ತಂದ ಗಿಡ

ಮಧ್ಯ ಹಾಗೂ ದಕ್ಷಿಣ ಅಮೆರಿಕ ಮೂಲದ ಈ ಮುಳ್ಳುಗಿಡದ ಸಸ್ಯಶಾಸ್ತ್ರೀಯ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ. ಇತ್ತೀಚಿನ ವರ್ಗೀಕರಣದಲ್ಲಿ ಇದನ್ನು ನೆಲ್ಟುಮಾ ಜೂಲಿಫ್ಲೋರಾ ಎಂದೂ ಕರೆಯಲಾಗುತ್ತಿದೆ. ನಮ್ಮದೇ ಆದ ಕರಿಜಾಲಿಗೂ ಇದಕ್ಕೂ ಹೆಸರಿನಲ್ಲಷ್ಟೇ ನಂಟು. ದಸರೆಯ ದಿನ ನಾವು ಪೂಜಿಸುವ ಬನ್ನಿ ಮರವೇ ಇದಕ್ಕೆ ಹತ್ತಿರದ ಸಂಬಂಧಿ ಎಂಬುದು ಹಲವರಿಗೆ ಅಚ್ಚರಿ ತಂದೀತು.

ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಲೆಫ್ಟಿನೆಂಟ್ ಕರ್ನಲ್ ಆರ್.ಎಚ್. ಬೆಡ್ಡೋಮ್ ಒಣಪ್ರದೇಶಗಳಲ್ಲಿ ಸೌದೆಯ ಕೊರತೆ ನೀಗಿಸಲು ಇದರ ಬೀಜ ತರಿಸುವಂತೆ ಸರ್ಕಾರಕ್ಕೆ ಬರೆದರು. 1877ರ ವೇಳೆಗೆ ಬೀಜಗಳು ಬಂದು ಕಡಪ ಸೀಮೆಯಲ್ಲಿ ಬಿತ್ತನೆಯಾಯಿತು. ಆಗ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತುಂಗಭದ್ರೆಯ ಈಚೆ ದಡದ ಕೊಪ್ಪಳ ಸೀಮೆ ನಿಜಾಮರ ಆಡಳಿತದಲ್ಲಿತ್ತು. ಗಿಡಕ್ಕೆ ಸರಹದ್ದಿನ ಹಂಗಿಲ್ಲ. ಹೆಸರೇ ಸೂಚಿಸುವಂತೆ ಇದನ್ನು ಬಳ್ಳಾರಿ ಕಡೆಯ ಗಿಡವೆಂದೇ ಜನ ಗುರುತಿಸಿದರು. ಸ್ವಾತಂತ್ರ್ಯಾನಂತರವೂ ದೇಶದ ಹಲವೆಡೆ ಅರಣ್ಯೀಕರಣದ ಹೆಸರಿನಲ್ಲಿ ಇದನ್ನು ಬೆಳೆಸಲಾಯಿತು. ಗುಜರಾತಿನ ಬನ್ನಿ ಹುಲ್ಲುಗಾವಲಿನಲ್ಲಿ 1960ರ ದಶಕದ ಆರಂಭದಲ್ಲಿ ನೆಟ್ಟ ಇದೇ ಜಾಲಿಯನ್ನು ತೆಗೆದುಹಾಕಲು ಈಗ ಅದೇ ಸರ್ಕಾರ ಹಣ ಖರ್ಚು ಮಾಡುತ್ತಿದೆ.

ಕಾಯಿ ಸಿಹಿಯಾದ್ದರಿಂದ ದನ, ಕುರಿ, ಆಡು ತಿನ್ನುತ್ತವೆ. ಗಟ್ಟಿ ಬೀಜ ಸಗಣಿ, ಹಿಕ್ಕೆಯ ಮೂಲಕ ಹೊರಬಂದು ಗೊಬ್ಬರ ಸಮೇತ ಮೊಳೆಯುತ್ತದೆ. ನೆಲಕ್ಕೆ ಬಿದ್ದ ಬೀಜ ವರ್ಷಗಟ್ಟಲೆ ಸಾಯದೆ ಕಾಯುತ್ತದೆ. ನೆಲಮಟ್ಟಕ್ಕೆ ಕಡಿದರೆ ಬೇರಿನ ತಲೆಯಿಂದ ಒಂದರ ಬದಲು ಹತ್ತು ಚಿಗುರು ಏಳುತ್ತವೆ. ಆದ್ದರಿಂದ ಕೊಡಲಿ ಏಟು ಈ ಗಿಡಕ್ಕೆ ಶಿಕ್ಷೆಯಲ್ಲ, ಸವರುವಿಕೆ ಅಷ್ಟೇ. ಬೇರಿನ ತಲೆ ಸಮೇತ ಕಿತ್ತು, ನಂತರ ಕನಿಷ್ಠ ಮೂರ್ನಾಲ್ಕು ಮಳೆಗಾಲ ಹೊಸ ಮೊಳಕೆ ಕೀಳುತ್ತ, ಆ ಜಾಗದಲ್ಲಿ ಹುಲ್ಲು ಅಥವಾ ಸ್ಥಳೀಯ ಮರ ಬೆಳೆಸಿದರೆ ಮಾತ್ರ ನೆಲ ಕೈಗೆ ಬರುತ್ತದೆ.

ಒಂದೇ ಜಾಲಿ, ಹಲವು ಯಜಮಾನರು

ಹಣ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಮೊದಲು ನೆಲ ಯಾರದು ಎಂದು ಕೇಳಬೇಕಾಗುತ್ತದೆ. ಗೋಮಾಳ, ಅಂದರೆ ಈ ಭಾಗದವರ ಮಾತಿನಲ್ಲಿ ಗಾಯರಾಣ, ಕಂದಾಯ ಇಲಾಖೆಯದು. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 97ನೇ ನಿಯಮದಂತೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಉಚಿತ ಗೋಮಾಳ ಇರಬೇಕು. ಪಹಣಿಯಲ್ಲಿ ಆ ವಿಸ್ತೀರ್ಣ ಭದ್ರವಾಗಿದ್ದರೂ ಜಾಲಿ ಮುಚ್ಚಿದ ಗೋಮಾಳದಲ್ಲಿ ದನದ ಬಾಯಿಗೆ ಹುಲ್ಲು ಸಿಗುವುದಿಲ್ಲ. ಒತ್ತುವರಿ ಎಂದರೆ ಮನುಷ್ಯರು ಮಾಡುವುದಷ್ಟೇ ಎಂದು ತಿಳಿದ ಕಾನೂನಿಗೆ ಈ ಒತ್ತುವರಿ ಕಾಣುವುದೇ ಇಲ್ಲ.

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರಿದರೆ, 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಗಂಗಾವತಿ ಭಾಗದ ತುಂಗಭದ್ರಾ ಎಡದಂಡೆ ಕಾಲುವೆಯ ಹೊಣೆ ಕರ್ನಾಟಕ ನೀರಾವರಿ ನಿಗಮದ್ದು. ಹೊಲಗಾಲುವೆಗಳ ವಿಷಯಕ್ಕೆ ಬಂದರೆ ಮುನಿರಾಬಾದಿನ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಪಾತ್ರವಿದೆ. ರಸ್ತೆ ಬದಿ ಲೋಕೋಪಯೋಗಿ ಇಲಾಖೆಯದು, ಮೀಸಲು ಅರಣ್ಯ ಅರಣ್ಯ ಇಲಾಖೆಯದು. ಒಂದು ಇಲಾಖೆ ತನ್ನ ಪಾಲಿನ ನೆಲ ಸ್ವಚ್ಛಗೊಳಿಸಿದರೂ ಪಕ್ಕದ ಇಲಾಖೆಯ ನೆಲದಿಂದ ಬೀಜ ಬರುವುದು ತಪ್ಪದು.

‘ಹುಲ್ಲು ತೆಗೆಯುವುದು ಕೆಲಸವಲ್ಲ’

ಕೊಪ್ಪಳ ಜಿಲ್ಲೆಗೆ 2008ರ ಏಪ್ರಿಲ್‌ನಲ್ಲಿ ವಿಸ್ತರಣೆಗೊಂಡ ಉದ್ಯೋಗ ಖಾತರಿ ಯೋಜನೆಯೇ ಈವರೆಗೆ ಹಳ್ಳಿಗಳಲ್ಲಿ ಜಾಲಿ ತೆರವಿಗೆ ದೊರೆತ ದೊಡ್ಡ ಹಣದ ಮೂಲ. 2005ರ ಕಾಯ್ದೆಯಡಿ ಕೂಲಿಯ ಪೂರ್ತಿ ವೆಚ್ಚವನ್ನು ಕೇಂದ್ರ ಭರಿಸುತ್ತಿತ್ತು. ಸಾಮಗ್ರಿ ವೆಚ್ಚದಲ್ಲಿ ರಾಜ್ಯದ ಪಾಲು ಕಾಲು ಭಾಗ. 2025-26ರಲ್ಲಿ ರಾಜ್ಯದ ದಿನಗೂಲಿ 370 ರೂಪಾಯಿ.

ಆದರೆ ಇದೇ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಒಂದು ಷರತ್ತು ಇತ್ತು. ಕಣ್ಣಿಗೆ ಕಾಣದ, ಅಳತೆಗೆ ಸಿಗದ, ಮತ್ತೆ ಮತ್ತೆ ಮಾಡಬೇಕಾದ ಕೆಲಸಗಳನ್ನು ಕೈಗೊಳ್ಳಬಾರದು ಎಂಬುದು ಅದರ ಸಾರ. ಹುಲ್ಲು ತೆಗೆಯುವುದು, ಕಲ್ಲು ಆರಿಸುವುದು ಉದಾಹರಣೆಗಳಾಗಿ ಅಲ್ಲಿ ನಮೂದಾಗಿದ್ದವು. ಸುಳ್ಳು ಲೆಕ್ಕ ತಡೆಯಲು ಹಾಕಿದ ಈ ಷರತ್ತು ತಪ್ಪೆನ್ನಲಾಗದು. ವಿಪರ್ಯಾಸವೆಂದರೆ, ಆಕ್ರಮಣಕಾರಿ ಸಸ್ಯ ನಿರ್ವಹಣೆಯ ಅರ್ಧದಷ್ಟು ಕೆಲಸ ‘ಮತ್ತೆ ಮತ್ತೆ ಮಾಡಬೇಕಾದ’ ಕೆಲಸವೇ. ಎತ್ತಿದ ಹೂಳನ್ನು ಘನ ಮೀಟರಿನಲ್ಲಿ ಅಳೆದು ಅಳತೆ ಪುಸ್ತಕದಲ್ಲಿ ಬರೆಯಬಹುದು. ಕಿತ್ತ ಮೊಳಕೆಯನ್ನು ಯಾವ ಎಂಜಿನಿಯರ್ ಅಳೆದಾನು?

ಹಾಗಾಗಿ ಜಾಲಿ ತೆರವು ಕೆರೆ ಹೂಳೆತ್ತುವ ಕಾಮಗಾರಿಯ ಒಂದು ಸಾಲಾಗಿ ಅಂದಾಜು ಪಟ್ಟಿ ಸೇರುತ್ತ ಬಂದಿದೆ. 2019ರಲ್ಲಿ ಆರಂಭವಾದ ಜಲಶಕ್ತಿ ಅಭಿಯಾನ, ಜಿಲ್ಲೆಗೆ 75 ಕೆರೆಗಳ ಗುರಿಯೊಂದಿಗೆ 2022ರ ಏಪ್ರಿಲ್ 24ರಂದು ಘೋಷಣೆಯಾದ ಅಮೃತ ಸರೋವರ ಯೋಜನೆ, ಎರಡಕ್ಕೂ ಪ್ರತ್ಯೇಕ ದೊಡ್ಡ ನಿಧಿ ಇರಲಿಲ್ಲ. ಉದ್ಯೋಗ ಖಾತರಿ, ಹಣಕಾಸು ಆಯೋಗದ ಅನುದಾನ ಮುಂತಾದವನ್ನು ಒಗ್ಗೂಡಿಸಿಯೇ ಅವು ನಡೆದವು. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದ ಶೇ. 40ರಲ್ಲಿ ಮೊದಲ ಸಾಲು ಬೀದಿದೀಪ, ಚರಂಡಿಗಳದು. ಜಾಲಿಯ ಸರದಿ ಬರುವುದು ಅಪರೂಪ.

ಇನ್ನೊಂದು ತೊಡಕು ಯಂತ್ರದ್ದು. ಬಲಿತ ಜಾಲಿಯ ಬೇರನ್ನು ಗುದ್ದಲಿಯಿಂದ ಕೀಳುವುದು ಕೈಕಾಲಿಗೆ ಮುಳ್ಳು ಚುಚ್ಚಿಸಿಕೊಳ್ಳುವ ನರಕಯಾತನೆ. ಉದ್ಯೋಗ ಖಾತರಿಯಲ್ಲಿ ಗುತ್ತಿಗೆದಾರರಿಗೆ ಪ್ರವೇಶವಿರಲಿಲ್ಲ. ಕೂಲಿಕಾರರ ಕೆಲಸ ಕಸಿಯುವ ಯಂತ್ರಗಳಿಗೆ ಸಾಧ್ಯವಾದಷ್ಟೂ ತಡೆ ಇತ್ತು. ಕೂಲಿಯ ಹಣದಲ್ಲಿ ಬೇರು ಬಾರದು, ಬೇರು ತೆಗೆಯುವ ಜೆಸಿಬಿಗೆ ಹಣ ಬಾರದು.

ಜನ ಕೊಟ್ಟ ಹಣ

ಬಹುಶಃ ಇದೇ ಕಾರಣಕ್ಕೆ ಈ ಜಿಲ್ಲೆಯ ಅತಿ ದೊಡ್ಡ ತೆರವು ಕಾರ್ಯಗಳು ಸರ್ಕಾರದ ಅನುದಾನಕ್ಕಿಂತ ಜನರ ದೇಣಿಗೆಯಿಂದ ನಡೆದಿವೆ. 2019ರ ಬೇಸಿಗೆಯಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳದ ಪುನಶ್ಚೇತನಕ್ಕೆ ಕೈಹಾಕಿದರು. ಜಾಲಿ, ಜೊಂಡು, ಹೂಳು ತುಂಬಿ ಹರಿವೇ ಕಾಣದಂತಾಗಿದ್ದ ಹಳ್ಳದ ಪಾತ್ರವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಸ್ವಚ್ಛಗೊಳಿಸಲಾಯಿತು. ದಂಡೆಯ ಗ್ರಾಮಸ್ಥರು, ಭಕ್ತರು, ಅಧಿಕಾರಿಗಳು, ಯಂತ್ರ ಮಾಲೀಕರು ಜತೆಗೂಡಿದರು. ಅದೇ ವರ್ಷ ಕುಷ್ಟಗಿ ಸಮೀಪದ ನಿಡಶೇಸಿ ಕೆರೆಯಲ್ಲಿ, 2021ರಲ್ಲಿ ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಕೆರೆಯಲ್ಲಿ ಇಂಥದೇ ಕೆಲಸವಾಯಿತು. ಸರ್ಕಾರಿ ಕಡತ ವರ್ಷಗಟ್ಟಲೆ ತೆಗೆದುಕೊಳ್ಳುವ ಕೆಲಸಕ್ಕೆ ಕೆಲವೇ ತಿಂಗಳು ಸಾಕಾದವು.

ಆದರೆ ದೇಣಿಗೆಗೂ ಅನುದಾನದ್ದೇ ರೋಗವಿದೆ. ಯಂತ್ರ ಇಳಿದ ದಿನ ಇರುವ ಉತ್ಸಾಹ ಮೂರನೇ ವರ್ಷದ ಮೊಳಕೆ ಕೀಳುವ ದಿನ ಇರುವುದಿಲ್ಲ. ನಿರಂತರ ಹೊಣೆ ಹೊರಬೇಕಾದುದು ಭೂಮಿಯ ಒಡೆಯನಾದ ಸರ್ಕಾರವೇ ಎಂಬ ಮಾತು ಇಲ್ಲಿ ಸುಳ್ಳಾಗುವುದಿಲ್ಲ.

ಅರಣ್ಯ ಭೂಮಿಯ ಲೆಕ್ಕ ಬೇರೆ

ಅರಣ್ಯ ಇಲಾಖೆಗೆ ಮಾತ್ರ ತುಸು ಅನುಕೂಲವಿದೆ. ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ 2016ರಲ್ಲಿ, ಅದರ ನಿಯಮಗಳು 2018ರಲ್ಲಿ ಬಂದವು. ಗಣಿ, ರಸ್ತೆ, ವಿದ್ಯುತ್ ಮಾರ್ಗಗಳಿಗೆ ಅರಣ್ಯ ಭೂಮಿ ಪಡೆದವರು ಕಟ್ಟುವ ಈ ಹಣದ ಶೇ. 90 ಭಾಗ ರಾಜ್ಯದ ನಿಧಿಗೆ ಸೇರುತ್ತದೆ. ಸಹಜ ಪುನರುತ್ಪತ್ತಿಗೆ ನೆರವು, ವನ್ಯಜೀವಿ ಆವಾಸಸ್ಥಾನದ ಸುಧಾರಣೆ ಇತ್ಯಾದಿಗೆ ಇದನ್ನು ಬಳಸಬಹುದಾದ್ದರಿಂದ ಕಳೆ ಗಿಡಗಳ ತೆರವಿಗೂ ಹಾದಿಯುಂಟು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಆಕ್ರಮಣಕಾರಿ ಅನ್ಯ ಪ್ರಭೇದ’ಕ್ಕೆ ಮೊದಲ ಬಾರಿಗೆ ವ್ಯಾಖ್ಯಾನ ನೀಡಿತು. ವ್ಯಾಖ್ಯಾನದ ಜತೆ ಹಣ ಬರಲಿಲ್ಲ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಇದರ ಮಹತ್ವ ಎದ್ದು ಕಾಣುತ್ತದೆ. ಸುಮಾರು 332 ಹೆಕ್ಟೇರ್ ವಿಸ್ತಾರದ ಇಲ್ಲಿನ ಕುರುಚಲು ಹುಲ್ಲುಗಾವಲು ರಾಜ್ಯದ ಮೊದಲ ತೋಳ ಅಭಯಾರಣ್ಯ. 2025ರಲ್ಲಿ ಇಲ್ಲಿ ಎಂಟು ಮರಿಗಳು ಹುಟ್ಟಿದ ಸುದ್ದಿ ರಾಜ್ಯದ ಗಮನ ಸೆಳೆಯಿತು. ಬಯಲು ಕಾಡಿನ ಪ್ರಾಣಿಯಾದ ತೋಳಕ್ಕೆ ತೆರೆದ ಹುಲ್ಲುಗಾವಲು ಬೇಕು. ಜಾಲಿ ಹಬ್ಬಿದಂತೆ ಬಯಲು ಕುಗ್ಗುತ್ತದೆ. ಹಾಗೆಂದು ಒಂದೇ ಏಟಿಗೆ ಎಲ್ಲವನ್ನೂ ನೆಲಸಮ ಮಾಡುವುದೂ ಸಲ್ಲದು. ಬೇರೆ ಮರೆಯಿಲ್ಲದ ಕಡೆ ಹಗಲು ಅಡಗಲು ತೋಳಗಳು ಇದೇ ಜಾಲಿ ಪೊದೆಗಳನ್ನು ಆಶ್ರಯಿಸುವುದುಂಟು. ತುಂಡು ತುಂಡಾಗಿ, ಹುಲ್ಲು ಮರಳುತ್ತ ಬಂದಂತೆ ಕೀಳಬೇಕು. ಆರ್ಥಿಕ ವರ್ಷದ ಕೊನೆಯ ಮಾರ್ಚ್ ತಿಂಗಳಲ್ಲಿ ಬಿಡುಗಡೆಯಾಗುವ ಹಣಕ್ಕೆ ಇಷ್ಟು ತಾಳ್ಮೆ ಇರುವುದಿಲ್ಲ.

ಜಾಲಿಯಿಂದ ಬದುಕುವವರು

ಅನುದಾನದ ಚರ್ಚೆಯಲ್ಲಿ ಮರೆಯಾಗುವ ಇನ್ನೊಂದು ಪಂಗಡವಿದೆ. ಗ್ಯಾಸ್ ಸಿಲಿಂಡರ್ ಖಾಲಿಯಾದ ಮನೆಗಳ ಒಲೆ ಉರಿಯುವುದು ಜಾಲಿ ಸೌದೆಯಿಂದ. ಇದ್ದಿಲು ಸುಡುವವರು, ಇಟ್ಟಿಗೆ ಭಟ್ಟಿಗೆ ಸೌದೆ ಪೂರೈಸುವವರು, ಹೊಲಕ್ಕೆ ಮುಳ್ಳುಬೇಲಿ ಹಾಕುವವರು ಎಲ್ಲರಿಗೂ ಇದು ಬೇಕು. ಬರಗಾಲದಲ್ಲಿ ಬೇರೆಲ್ಲ ಒಣಗಿದಾಗ ಕುರಿಗಾಹಿಗೆ ದೊರೆಯುವುದು ಇದರ ಕಾಯಿಯೇ. ಅದನ್ನೇ ಅತಿಯಾಗಿ ಮೇಯ್ದರೆ ಜಾನುವಾರುಗಳ ದವಡೆ ಸೆಳೆತುಕೊಳ್ಳುವ ಕಾಯಿಲೆ ಬರುತ್ತದೆ ಎಂಬುದು ಬೇರೆ ಮಾತು. ಮರ ಕಡಿಯಲು ಅನುಮತಿ ಕೇಳುವ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನೀಲಗಿರಿ, ಸುಬಾಬುಲ್‌ಗಳ ಸಾಲಿನಲ್ಲಿ ಈ ಜಾಲಿಗೂ ವಿನಾಯಿತಿ ಕೊಟ್ಟಿದೆ. ಆದರೆ ಸರ್ಕಾರಿ ನೆಲದ ಸೌದೆ ಸರ್ಕಾರದ ಸ್ವತ್ತು. ಅದನ್ನು ಹರಾಜು ಹಾಕಿದಾಗ ಬಿಡ್‌ದಾರನಿಗೆ ಬೇಕಿರುವುದು ಮೇಲಿನ ಕಟ್ಟಿಗೆ ಮಾತ್ರ. ಬೇರು ಅಲ್ಲೇ ಉಳಿಯುತ್ತದೆ, ಮುಂದಿನ ಹರಾಜಿಗೂ ಆಗುತ್ತದೆ!

ಪಾರ್ಥೇನಿಯಂ ಕಲಿಸಿದ್ದು

ಕಾನೂನು ಮಾಡಿದರೆ ಸಾಕೆ ಎಂಬುದಕ್ಕೆ ರಾಜ್ಯದಲ್ಲೇ ಹಳೆಯ ನಿದರ್ಶನವಿದೆ. 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ ಕರ್ನಾಟಕ 1975ರಲ್ಲಿಯೇ ಪಾರ್ಥೇನಿಯಂ ಅನ್ನು, ಅಂದರೆ ಕಾಂಗ್ರೆಸ್ ಕಳೆಯನ್ನು, ಅಪಾಯಕಾರಿ ಕಳೆ ಎಂದು ಘೋಷಿಸಿತು. ಐದು ದಶಕ ಕಳೆದರೂ ಆ ಕಳೆ ಊರೂರಲ್ಲಿದೆ. 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಮೆಕ್ಸಿಕೋ ಮೂಲದ ಜೀರುಂಡೆ, ಘೋಷಣೆಗಿಂತ ಹೆಚ್ಚು ಎಲೆ ತಿಂದಿದೆ ಎನ್ನಬೇಕು. ನೆರೆಯ ತಮಿಳುನಾಡು 2022ರಲ್ಲಿ ಆಕ್ರಮಣಕಾರಿ ಸಸ್ಯಗಳಿಗೂ ಆವಾಸಸ್ಥಾನಗಳ ಪುನಃಸ್ಥಾಪನೆಗೂ ಸೇರಿ ಒಂದೇ ನೀತಿ ಪ್ರಕಟಿಸಿತು. ತೆಗೆದ ಮೇಲೆ ಏನು ಬೆಳೆಸಬೇಕು ಎಂಬುದನ್ನು ಸೇರಿಸಿ ಹೇಳಿದ್ದು ಅದರ ಹೆಚ್ಚುಗಾರಿಕೆ.

ಪಂಚಾಯಿತಿಗೆ ಇರುವ ದಾರಿ

ಇರುವ ನಿಯಮಗಳೊಳಗೇ ಒಂದು ದಾರಿಯುಂಟು. ಸಾಮಾನ್ಯ ಭೂಮಿ, ಕೆರೆಯಂಗಳದ ಅಂಚು, ಕಾಲುವೆ ದಂಡೆ, ರಸ್ತೆ ಬದಿಗಳಲ್ಲಿ ಗಿಡ ನೆಡುವುದು ಉದ್ಯೋಗ ಖಾತರಿಯಲ್ಲಿ ಒಪ್ಪಿತ ಕಾಮಗಾರಿಯಾಗಿತ್ತು. ಇದರಲ್ಲಿ ಹೂಳೆತ್ತುವ ಕಾಮಗಾರಿಗಿಲ್ಲದ ಅನುಕೂಲವೆಂದರೆ ನೆಟ್ಟ ಮೇಲೆ ಕೆಲವು ವರ್ಷ ಪಾಲನೆಗೂ ಕೂಲಿ ದೊರೆಯುತ್ತಿತ್ತು. ಜಾಲಿ ತೆರವನ್ನು ನೆಡುತೋಪು ಅಥವಾ ಹುಲ್ಲುಗಾವಲು ಅಭಿವೃದ್ಧಿಯ ಪೂರ್ವಸಿದ್ಧತೆಯಾಗಿ ಅಂದಾಜು ಪಟ್ಟಿಗೆ ಸೇರಿಸಿದರೆ ಮೊಳಕೆ ಕೀಳುವ ಕೆಲಸ ಪಾಲನೆಯ ಲೆಕ್ಕದಲ್ಲಿ ಸಲ್ಲುತ್ತದೆ. ಬೇರು ತೆಗೆಯುವ ಯಂತ್ರದ ಬಾಡಿಗೆಯನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದಲೋ ಸೌದೆ ಹರಾಜಿನ ಹಣದಿಂದಲೋ ಹೊಂದಿಸಬೇಕಾಗುತ್ತದೆ. ಹರಾಜಿನ ಷರತ್ತಿನಲ್ಲೇ ಬೇರು ಕೀಳುವುದನ್ನು ಕಡ್ಡಾಯ ಮಾಡಿದರೆ ಬಿಡ್ ಮೊತ್ತ ಕಡಿಮೆಯಾದೀತು, ಆದರೆ ನೆಲ ಉಳಿದೀತು. 371(ಜೆ) ವಿಧಿಯ ಫಲವಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಆಯವ್ಯಯದಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಕಟ್ಟಡ, ರಸ್ತೆಗಳತ್ತಲೇ ಒಲಿಯುವ ಆ ಹಣದ ಸಣ್ಣ ಪಾಲು ಗೋಮಾಳಕ್ಕೆ ತಿರುಗಿದರೂ ಕೊಪ್ಪಳದಂಥ ಕುರಿ ಸಾಕಣೆಯ ಜಿಲ್ಲೆಗೆ ಅದು ಅಪವ್ಯಯವಾಗದು.

2005ರ ಕಾಯ್ದೆಯ ಬದಲಿಗೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಹೊಸ ಗ್ರಾಮೀಣ ಉದ್ಯೋಗ ಕಾಯ್ದೆಗೆ ಒಪ್ಪಿಗೆ ನೀಡಿತು. ಅದರಲ್ಲಿ ಕೆಲಸದ ದಿನಗಳು 100ರಿಂದ 125ಕ್ಕೆ ಏರಿದರೂ, ಕರ್ನಾಟಕದಂಥ ರಾಜ್ಯಗಳು ವೆಚ್ಚದ ಶೇ. 40ರಷ್ಟನ್ನು ತಾವೇ ಭರಿಸಬೇಕು. ಬಿತ್ತನೆ, ಕೊಯ್ಲಿನ ಭರಾಟೆಯ ಕಾಲದಲ್ಲಿ ಒಟ್ಟು 60 ದಿನ ಕೆಲಸಕ್ಕೆ ಬಿಡುವು ಕೊಡಲೂ ಅವಕಾಶವಿದೆ. ಮುಂಗಾರಿನ ಬಿತ್ತನೆಯ ದಿನಗಳೇ ಜಾಲಿ ಮೊಳೆಯುವ ದಿನಗಳೂ ಹೌದು. ಹಸಿ ನೆಲದಲ್ಲಿ ಎಳೆಯ ಗಿಡ ಬೇರು ಸಮೇತ ಕೈಗೆ ಬರುವುದು ಆ ಕೆಲವು ವಾರಗಳಲ್ಲಿ ಮಾತ್ರ.