ವಹಿವಾಟು ನಿಂತ ಷೇರು

ಕಣಜದ ತುಂಬ ಭತ್ತವಿದ್ದರೂ ಕೊಳ್ಳುವವರಿಲ್ಲದ ದಿನ ಅದರಿಂದ ಗೊಬ್ಬರದಂಗಡಿಯ ಸಾಲ ತೀರದೆಂಬುದನ್ನು ಕರೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರಕಿನ ಒಡೆತನವೇ ಬೇರೆ, ಅದನ್ನು ಮಾರುವ ಅವಕಾಶವೇ ಬೇರೆ. ಷೇರುಪೇಟೆಗೂ ಈ ಮಾತು ಸಲ್ಲುತ್ತದೆ. ನಮ್ಮ ಹಲವು ಶಿಷ್ಯರೂ ಬಂಧುಗಳೂ ಈಗ ಷೇರುಗಳಲ್ಲಿ ಹಣ ತೊಡಗಿಸುತ್ತಿರುವುದರಿಂದ, ನಮ್ಮ ನಾಡಿನದೇ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸುವುದು ಉಚಿತವೆನಿಸುತ್ತದೆ.

ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್ ಕಂಪನಿಯು 2006ರಲ್ಲಿ ಸಾರ್ವಜನಿಕರಿಗೆ ಷೇರುಗಳನ್ನು ಮಾರಿತು. ಮರುವರ್ಷ ವಿಜಯ್ ಮಲ್ಯ ಅವರ ಸಮೂಹವು ಅದರಲ್ಲಿ ಪಾಲು ಕೊಂಡಿತು. 2008ರಲ್ಲಿ ಆ ಕಂಪನಿಯೇ ಕಿಂಗ್‌ಫಿಷರ್ ಏರ್‌ಲೈನ್ಸ್ ಎಂಬ ಹೆಸರು ಪಡೆಯಿತು. ಸಾಲದ ಹೊರೆಯಲ್ಲಿ ಕುಸಿದ ಈ ಸಂಸ್ಥೆಯ ಹಾರಾಟದ ಪರವಾನಗಿಯನ್ನು 2012ರ ಅಕ್ಟೋಬರ್‌ನಲ್ಲಿ ಅಮಾನತಿನಲ್ಲಿಡಲಾಯಿತು. ಆದರೆ ಮುಂಬಯಿ ಹಾಗೂ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರಗಳು ಅದರ ಷೇರುಗಳ ವಹಿವಾಟನ್ನು ನಿಲ್ಲಿಸಿದ್ದು 2014ರ ಡಿಸೆಂಬರ್ 1ರಿಂದ. ಕಂಪನಿಯು ತ್ರೈಮಾಸಿಕ ಲೆಕ್ಕಪತ್ರಗಳನ್ನು ಸಲ್ಲಿಸದೆ ಹೋದುದೇ ಇದಕ್ಕೆ ಕಾರಣ.

ವಿಮಾನಗಳು ನೆಲಕ್ಕಿಳಿದ ಮೇಲೂ ಎರಡು ವರ್ಷಕ್ಕೂ ಹೆಚ್ಚು ಕಾಲ ಷೇರುಗಳು ಕೈ ಬದಲಾಯಿಸುತ್ತಲೇ ಇದ್ದವು ಎಂಬುದನ್ನು ಗಮನಿಸಬೇಕು. ವಹಿವಾಟಿನ ಅಮಾನತು ಮೊದಲ ಎಚ್ಚರಿಕೆಯಲ್ಲ, ಬಹುಮಟ್ಟಿಗೆ ಕೊನೆಯದು. ಸೆಬಿ 2013ರಲ್ಲಿ ರೂಪಿಸಿದ ಕ್ರಮದಂತೆ, ನಿಯಮ ಪಾಲಿಸದ ಕಂಪನಿಗೆ ಮೊದಲು ದಂಡ. ಅನಂತರ ಷೇರನ್ನು 'ಝಡ್' ಗುಂಪಿಗೆ ಸೇರಿಸುವುದು. ಅದಕ್ಕೂ ಬಗ್ಗದಿದ್ದರೆ ಅಮಾನತು. ಕಣ್ಣಿಟ್ಟವನಿಗೆ ಈ ಮೆಟ್ಟಿಲುಗಳೇ ಸೂಚನೆ.

ಅಮಾನತಾದೊಡನೆ ಷೇರು ನಾಶವಾಗುವುದಿಲ್ಲ. ಡಿಮ್ಯಾಟ್ ಖಾತೆಯಲ್ಲಿ ಅದು ಹಾಗೆಯೇ ಇರುತ್ತದೆ, ಒಡೆತನವೂ ನಮ್ಮದೇ. ಇಲ್ಲದಾಗುವುದು ಮಾರುವ ದಾರಿ. ಕಂಪನಿಯು ಬಾಕಿ ಲೆಕ್ಕಗಳನ್ನೊಪ್ಪಿಸಿ ದಂಡ ತೆತ್ತರೆ ವಹಿವಾಟು ಪುನರಾರಂಭವಾಗಬಹುದು. ಕಿಂಗ್‌ಫಿಷರ್‌ಗೆ ಆ ಭಾಗ್ಯ ಬರಲಿಲ್ಲ. 2016ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಕಂಪನಿಯ ಸಮಾಪನೆಗೆ ಆದೇಶಿಸಿತು. 2018ರ ಮೇ 30ರಿಂದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಅದನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ಸಮಾಪನೆಯಲ್ಲಿ ಸಾಲ ಕೊಟ್ಟವರಿಗೆಲ್ಲ ಸಂದು ಮಿಕ್ಕರೆ ಮಾತ್ರ ಷೇರುದಾರರ ಸರದಿ. ತಪ್ಪು ಆಡಳಿತದವರದು, ಸಿಕ್ಕಿಬೀಳುವವನು ಸಣ್ಣ ಹೂಡಿಕೆದಾರ. ಮುಂದೆ ಕೊಳ್ಳಲಿದ್ದವರನ್ನು ರಕ್ಷಿಸುವ ಆಜ್ಞೆಯೇ ಈಗಾಗಲೇ ಕೊಂಡವನ ಕೈ ಕಟ್ಟುತ್ತದೆ.

ಅದೇ 2014ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಬಾಗಿಲು ಮುಚ್ಚಿತು. 1963ರಲ್ಲಿ ಸ್ಥಾಪಿತವಾಗಿದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರದ ನಿರ್ಗಮನಕ್ಕೆ ಸೆಬಿ ಆಜ್ಞೆ ಹೊರಡಿಸಿತು. 1994ರಲ್ಲಿ ರಾಷ್ಟ್ರೀಯ ಕೇಂದ್ರದ ಗಣಕಯಂತ್ರದ ವಹಿವಾಟು ಆರಂಭವಾದ ಬಳಿಕ ಪ್ರಾದೇಶಿಕ ಕೇಂದ್ರಗಳಲ್ಲಿ ವ್ಯಾಪಾರವೇ ಬತ್ತಿತ್ತು. ಅವುಗಳಲ್ಲಿ ಮಾತ್ರ ಪಟ್ಟಿಯಾಗಿದ್ದ ಕಂಪನಿಗಳಿಗೆ ಮಾಹಿತಿ ಪ್ರಸರಣ ಫಲಕವೊಂದನ್ನು ಕಲ್ಪಿಸಲಾಯಿತು. ಮಾರುವ, ಕೊಳ್ಳುವ ಇಚ್ಛೆಯನ್ನು ಅಲ್ಲಿ ಸೂಚಿಸಬಹುದಿತ್ತು. ಇಲ್ಲಿ ಕಂಪನಿ ತಪ್ಪು ಮಾಡದಿದ್ದರೂ ಪೇಟೆಯೇ ಇಲ್ಲವಾಯಿತು.

ಇಡೀ ಪೇಟೆಯು ತಾತ್ಕಾಲಿಕವಾಗಿ ನಿಲ್ಲುವುದನ್ನು ಇದರೊಡನೆ ಬೆರೆಸಬಾರದು. 2020ರ ಮಾರ್ಚ್ 13 ಮತ್ತು 23ರಂದು ಸೂಚ್ಯಂಕ ಶೇಕಡಾ 10ರಷ್ಟು ಕುಸಿದಾಗ ವಹಿವಾಟನ್ನು 45 ನಿಮಿಷ ತಡೆದು, ಮತ್ತೆ ಆರಂಭಿಸಲಾಯಿತು. ಅದು ಗಾಬರಿಗೊಂಡ ಜನ ಉಸಿರೆಳೆದುಕೊಳ್ಳಲೆಂದು ಕೊಟ್ಟ ವಿರಾಮ, ಶಿಕ್ಷೆಯಲ್ಲ.

ಆದುದರಿಂದ ಹೂಡಿಕೆ ಮಾಡುವವರು ಬೆಲೆಯೊಂದನ್ನೇ ನೋಡದೆ, ಕಂಪನಿಯು ಲೆಕ್ಕಪತ್ರಗಳನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸುತ್ತಿದೆಯೇ, ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿರುವರೇ, ಷೇರು 'ಝಡ್' ಗುಂಪಿಗೆ ಇಳಿದಿದೆಯೇ ಎಂಬುದನ್ನೂ ವಿನಿಮಯ ಕೇಂದ್ರಗಳ ತಾಣಗಳಲ್ಲಿ ನೋಡಬೇಕು. ಅಮಾನತಾದ ಷೇರನ್ನು ಅಗ್ಗದ ಬೆಲೆಗೆ ಕೊಡಿಸುವೆನೆಂದು ಬರುವವರನ್ನು ದೂರವಿಡಬೇಕು. ಭತ್ತವನ್ನು ಚೀಲಕ್ಕೆ ತುಂಬುವ ಮುನ್ನವೇ ಪೇಟೆಯ ಸುದ್ದಿ ವಿಚಾರಿಸುವ ನಮ್ಮ ರೈತನ ವಿವೇಕ ಷೇರು ಕೊಳ್ಳುವವರಲ್ಲಿಯೂ ಇರಲಿ.