ಸರಕು ಕೋಣೆಯ ಹೊಗೆ: ನಿಜ ಯಾವುದು, ಸುಳ್ಳು ಯಾವುದು?

ವಿಮಾನದಲ್ಲಿ ಪ್ರಯಾಣಿಕರ ಕಾಲಡಿಯ ಸರಕು ಕೋಣೆಗೆ ಬೆಂಕಿ ಬಿದ್ದರೆ ಕಣ್ಣಾರೆ ನೋಡುವವರು ಯಾರೂ ಇರುವುದಿಲ್ಲ. ಪೈಲಟ್ ನೆಚ್ಚಬೇಕಾದದ್ದು ಡಿಟೆಕ್ಟರ್ ಕೊಡುವ ಸೂಚನೆಯನ್ನೇ. ಅದನ್ನು ಎಷ್ಟು ನಂಬಬಹುದು ಎಂದು ಅಳೆಯುವ ಪರೀಕ್ಷೆಗಳು ಬೆಳೆದಿರುವುದು ಬಹುಪಾಲು ದುರಂತಗಳ ಬೆನ್ನಿಗೆ.

1980ರ ಆಗಸ್ಟ್ 19ರಂದು ರಿಯಾದ್‌ನಿಂದ ಹೊರಟ ಸೌದಿಯಾ 163ರಲ್ಲಿ ಹಿಂಬದಿಯ ಸರಕು ಕೋಣೆಯ ಎಚ್ಚರಿಕೆ ಸಕಾಲಕ್ಕೇ ಬಂತು. ಅದು ನಿಜವೇ ಎಂದು ಖಚಿತಪಡಿಸಿಕೊಳ್ಳುವುದರಲ್ಲೇ ನಾಲ್ಕು ನಿಮಿಷಕ್ಕೂ ಹೆಚ್ಚು ಕಳೆಯಿತು. ವಿಮಾನ ನೆಲಕ್ಕಿಳಿದರೂ 301 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದೇ ವರ್ಷ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತಂದ ನಿಯಮ, ಹೊಗೆ ಪತ್ತೆ ವ್ಯವಸ್ಥೆ ಇರಲೇಬೇಕಾದ ಕೋಣೆಗಳಲ್ಲಿ ಬೆಂಕಿ ಹೊತ್ತಿದ ಒಂದು ನಿಮಿಷದೊಳಗೆ ಪೈಲಟ್‌ಗೆ ಸೂಚನೆ ಮುಟ್ಟಬೇಕೆಂದಿತು. ಅದನ್ನು ಹಾರಾಟದಲ್ಲಿ ತೋರಿಸಿಕೊಡಬೇಕೆಂದೂ ಹೇಳಿತು.

ಆದರೆ ‘ಡಿ’ ದರ್ಜೆಯ ಕೋಣೆಗಳಿಗೆ ಡಿಟೆಕ್ಟರ್ ಕಡ್ಡಾಯವಾಗಲಿಲ್ಲ. ಗಾಳಿಯಾಡದ ಚಿಕ್ಕ ಜಾಗದಲ್ಲಿ ಆಮ್ಲಜನಕ ಮುಗಿದು ಬೆಂಕಿ ತಾನೇ ಆರುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. 1988ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ವಿಮಾನವೊಂದರಲ್ಲಿ ರಾಸಾಯನಿಕಗಳಿಂದ ಬೆಂಕಿ ಎದ್ದಾಗ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಡಿಟೆಕ್ಟರ್ ಬೇಕೆಂದು ಕೇಳಿತು, ಎಫ್‌ಎಎ ಒಪ್ಪಲಿಲ್ಲ. 1996ರ ಮೇ 11ರಂದು ವ್ಯಾಲ್ಯೂಜೆಟ್ 592ರ ಕೋಣೆಯಲ್ಲಿದ್ದ ಆಮ್ಲಜನಕ ಉತ್ಪಾದಕಗಳು ಬೆಂಕಿಗೆ ಬೇಕಾದ ಆಮ್ಲಜನಕವನ್ನು ತಾವೇ ಒದಗಿಸಿದವು. 110 ಜನ ಸತ್ತರು. ತಪ್ಪಿಸಬಹುದಾಗಿದ್ದ ಸಾವುಗಳಿವು ಎನ್ನದೆ ಇರಲಾರೆ. 1998ರ ನಿಯಮದ ಪ್ರಕಾರ 2001ರ ಮಾರ್ಚ್ ಹೊತ್ತಿಗೆ ಆ ಕೋಣೆಗಳಿಗೂ ಡಿಟೆಕ್ಟರ್ ಬಂತು.

ಇನ್ನು ಪರೀಕ್ಷೆಯ ಬಗೆ. ಹಾರುವ ವಿಮಾನದಲ್ಲಿ ನಿಜ ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಹೊಗೆಯನ್ನು ತಯಾರಿಸಬೇಕು. ಜೇನುಗೂಡಿಗೆ ಹೊಗೆ ಹಾಕುವ ಡಬ್ಬಿಯಿಂದ ಹಿಡಿದು ನಾಟಕದ ರಂಗಕ್ಕೆ ಮಂಜು ಬಿಡುವ ಯಂತ್ರದವರೆಗೆ ಎಲ್ಲವೂ ಬಳಕೆಯಾಗಿವೆ. ಎಣ್ಣೆ ಕಾಯಿಸಿ ಬರಿಸಿದ ಹೊಗೆ ಮೇಲೇರಲೆಂದು ಹೀಲಿಯಂ ಬೆರೆಸುತ್ತಾರೆ. ಹೊಗೆ ಬೇಗ ತೆಳುವಾಗಲಿ, ಪರೀಕ್ಷೆ ಕಠಿಣವಾಗಲಿ ಎಂದು ಕೋಣೆಯನ್ನು ಖಾಲಿ ಬಿಡುತ್ತಾರೆ. ಆದರೆ ಎಷ್ಟು ಹೊಗೆ ಬಿಡಬೇಕು? ಬಹುಕಾಲ ಇದಕ್ಕೆ ಒಮ್ಮತದ ಅಳತೆಯೇ ಇರಲಿಲ್ಲ.

ಅಟ್ಲಾಂಟಿಕ್ ಸಿಟಿ ಬಳಿಯ ಎಫ್‌ಎಎ ಕೇಂದ್ರ ಈ ಕೊರತೆಯನ್ನು ಕೈಗೆತ್ತಿಕೊಂಡಿತು. ಬಗೆಬಗೆಯ ಪ್ಲಾಸ್ಟಿಕ್ ಹರಳುಗಳನ್ನು ಒತ್ತಿ ಮಾಡಿದ ಅಚ್ಚಿನೊಳಗೆ ನೈಕ್ರೋಮ್ ತಂತಿ ಹುದುಗಿಸಿ, ಪ್ರತಿ ಸಲವೂ ಒಂದೇ ತೆರನಾಗಿ ಉರಿಯುವ ಮಾದರಿ ಬೆಂಕಿಯನ್ನು ರೂಪಿಸಿದರು. ಹೊಗೆ ಕೋಣೆಯಲ್ಲಿ ಹೇಗೆ ಹರಡುತ್ತದೆ ಎಂದು ಮುಂಗಾಣುವ ಕಂಪ್ಯೂಟರ್ ಮಾದರಿಯನ್ನು ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ ಕಟ್ಟಿತು.

ಈ ಶ್ರಮದ ಬೆಲೆ ತಿಳಿಯಬೇಕಾದರೆ ಸುಳ್ಳು ಎಚ್ಚರಿಕೆಗಳನ್ನು ನೋಡಬೇಕು. 1990ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ವಿಮಾನಗಳಲ್ಲಿ ಒಂದು ನಿಜ ಘಟನೆಗೆ ಸುಮಾರು 200 ಸುಳ್ಳು ಎಚ್ಚರಿಕೆ ಎಂದು ಎಫ್‌ಎಎ ಅಧ್ಯಯನ ಕಂಡಿತು. ಬೆಳಕಿನ ಚದುರುವಿಕೆಯನ್ನು ನಂಬಿದ ಡಿಟೆಕ್ಟರ್‌ಗೆ ತೇವವೂ ದೂಳೂ ಹೊಗೆಯಂತೆಯೇ ಕಾಣುತ್ತವೆ. ಒಮ್ಮೆ ಕೂಗಿತೆಂದರೆ ವಿಮಾನ ಹತ್ತಿರದ ನಿಲ್ದಾಣಕ್ಕೆ ತಿರುಗಬೇಕು. ಕಾರ್ಬನ್ ಮಾನಾಕ್ಸೈಡ್, ಶಾಖ, ಎರಡು ತರಂಗಾಂತರದ ಬೆಳಕು, ಇವನ್ನೆಲ್ಲ ಕೂಡಿಸಿ ನೋಡುವ ಡಿಟೆಕ್ಟರ್ ಇದಕ್ಕೆ ಪರಿಹಾರ. ಆದರೆ ನಿಜ ಬೆಂಕಿಯನ್ನಷ್ಟೇ ಗುರುತಿಸುವ ಜಾಣ ಡಿಟೆಕ್ಟರ್ ಎಣ್ಣೆಯ ಹೊಗೆಗೆ ಕೂಗದೆ ಪರೀಕ್ಷೆಯಲ್ಲೇ ಸೋಲಬಹುದು. ಈ ಕ್ಷೇತ್ರದ ಅತಿ ದೊಡ್ಡ ತೊಡಕು ಇದೇ ಎಂದು ನನ್ನ ಎಣಿಕೆ. ಡಿಟೆಕ್ಟರ್ ಸುಧಾರಿಸಬೇಕಾದರೆ ಮೊದಲು ಪರೀಕ್ಷೆಯ ಹೊಗೆ ಸುಧಾರಿಸಬೇಕು.

2010ರ ಸೆಪ್ಟೆಂಬರ್ 3ರಂದು ದುಬೈನಲ್ಲಿ ಯುಪಿಎಸ್ 6 ಬಿದ್ದಾಗ ಮತ್ತೊಂದು ಕೊರತೆ ಬಯಲಾಯಿತು. ಲಿಥಿಯಂ ಬ್ಯಾಟರಿಗಳಿದ್ದ ಆ ಸರಕು ವಿಮಾನ ಮೊದಲ ಎಚ್ಚರಿಕೆಯಿಂದ ಅರ್ಧ ಗಂಟೆಯೊಳಗೆ ನೆಲಕ್ಕಪ್ಪಳಿಸಿತು. ಇಬ್ಬರು ಪೈಲಟ್‌ಗಳೂ ಸತ್ತರು. ಕಂಟೇನರ್‌ನೊಳಗೆ ಹೊತ್ತಿದ ಬೆಂಕಿಯ ಹೊಗೆ ಚಾವಣಿಯ ಡಿಟೆಕ್ಟರ್ ಮುಟ್ಟುವಷ್ಟರಲ್ಲಿ ಬೆಂಕಿ ಬಲಿತಿರುತ್ತದೆ. ಕಂಟೇನರ್ ಮತ್ತು ಪ್ಯಾಲೆಟ್‌ಗಳ ಒಳಗಿನ ಬೆಂಕಿಯನ್ನು ಬೇಗ ಹಿಡಿಯುವಂತಾಗಬೇಕೆಂದು 2012ರಲ್ಲಿ ಎನ್‌ಟಿಎಸ್‌ಬಿ ಶಿಫಾರಸು ಮಾಡಿತು. ಅಂಥ ಬೆಂಕಿಯನ್ನು ಡಿಟೆಕ್ಟರ್ ಬೇಗ ಹಿಡಿಯುತ್ತದೆಯೇ ಎಂಬ ಪ್ರಶ್ನೆಯನ್ನು ಖಾಲಿ ಕೋಣೆಯಲ್ಲಿ ತೆರೆದಿಟ್ಟ ಹೊಗೆ ಯಂತ್ರದ ಪರೀಕ್ಷೆ ಕೇಳುವುದೇ ಇಲ್ಲ.