ಸ್ತನ ಕ್ಯಾನ್ಸರ್ ಚಿಕಿತ್ಸೆಯ ದಿನಗಳು: ಫಾರ್ವರ್ಡ್ ಹೇಳುವುದೇನು, ನಿಜವೇನು?

ಮನೆಯಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದರೆ ಸಾಕು, ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳ ಸುರಿಮಳೆ ಶುರು. ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತದೆ, ಲಕ್ಷ್ಮಣ ಫಲ ಕೀಮೋಗಿಂತ ಹತ್ತು ಸಾವಿರ ಪಟ್ಟು ಬಲಶಾಲಿ, ರೇಡಿಯೇಷನ್ ಆದವರ ಹತ್ತಿರ ಮಕ್ಕಳನ್ನು ಬಿಡಬೇಡಿ ಎಂದೆಲ್ಲ ಮೆಸೇಜುಗಳು ಬರುತ್ತವೆ. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಇವನ್ನು ನಂಬಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಜೀವಕ್ಕೇ ಕುತ್ತು.

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣಿಸುವ ಕ್ಯಾನ್ಸರ್ ಇದು. ಬೇಗ ಪತ್ತೆಯಾಗಿ, ಚಿಕಿತ್ಸೆ ಪೂರ್ತಿಯಾದರೆ ಹೆಚ್ಚಿನವರು ಗುಣವಾಗುತ್ತಾರೆ. ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್, ಹಾರ್ಮೋನ್ ಮಾತ್ರೆ ಇವೆಲ್ಲವೂ ಎಲ್ಲರಿಗೂ ಬೇಕಾಗುವುದಿಲ್ಲ. ಗಡ್ಡೆಯ ಗಾತ್ರ, ಕಂಕುಳಿನ ಗ್ರಂಥಿಗಳಿಗೆ ಹರಡಿದೆಯೇ, ಹಾರ್ಮೋನಿಗೆ ಸ್ಪಂದಿಸುವ ಜಾತಿಯದೇ ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಹಾಗಾಗಿ ಪಕ್ಕದ ಮನೆಯವರಿಗೆ ಕೀಮೋ ಕೊಡಲಿಲ್ಲ, ನಮಗೇಕೆ ಕೊಡುತ್ತಿದ್ದಾರೆ ಎಂದು ಹೋಲಿಸಿ ನೋಡುವುದು ಸರಿಯಲ್ಲ.

ಎಲ್ಲಕ್ಕಿಂತ ಮೊದಲು: ಜ್ವರ ಬಂದರೆ ಕಾಯಬೇಡಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೀಮೋ ಔಷಧಿ ವೇಗವಾಗಿ ಬೆಳೆಯುವ ಜೀವಕೋಶಗಳ ಮೇಲೆ ಎರಗುತ್ತದೆ. ಕ್ಯಾನ್ಸರ್ ಕೋಶಗಳು ಹಾಗೆ ಬೆಳೆಯುತ್ತವೆ. ಕೂದಲಿನ ಬುಡ, ಬಾಯಿಯ ಒಳಪದರ, ರಕ್ತ ತಯಾರಾಗುವ ಮೂಳೆಮಜ್ಜೆ ಕೂಡ ಹಾಗೆಯೇ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಬಿಳಿ ರಕ್ತಕಣ ಕಡಿಮೆಯಾಗುವುದು ಈ ಕಾರಣಕ್ಕೆ.

ಸಾಮಾನ್ಯವಾಗಿ ಕೀಮೋ ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳ ಸಂಖ್ಯೆ ತೀರಾ ಇಳಿದಿರುತ್ತದೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಮೈತುಂಬ ಹರಡಬಹುದು. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ನುಂಗಿ ಬೆಳಗ್ಗೆ ನೋಡೋಣ ಎಂದು ಮಲಗಬೇಡಿ. ಮಾತ್ರೆ ಜ್ವರವನ್ನು ಮರೆಮಾಚುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಕೀಮೋ ಕೊಟ್ಟ ಊರು ದೂರವಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ 'ಕೀಮೋ ನಡೆಯುತ್ತಿದೆ' ಎಂದು ತಿಳಿಸಿ.

ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆಯೇ?

ಇಲ್ಲ. ಈ ನಂಬಿಕೆಗೆ ಒಂದು ಎಳೆ ಸತ್ಯದ ಬೇರಿದೆ. ಕ್ಯಾನ್ಸರ್ ಕೋಶಗಳು ಹೆಚ್ಚು ಗ್ಲೂಕೋಸ್ ಬಳಸುವುದನ್ನು ಜರ್ಮನಿಯ ವಿಜ್ಞಾನಿ ಓಟೋ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಪೆಟ್ ಸ್ಕ್ಯಾನ್ ನಡೆಯುವುದೂ ಇದೇ ಗುಣದ ಮೇಲೆ. ಆದರೆ ನೀವು ಸಕ್ಕರೆ ಮುಟ್ಟದಿದ್ದರೂ ದೇಹ ಅನ್ನ, ಮುದ್ದೆ, ಬೇಳೆಯಿಂದ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಏಕೆಂದರೆ ಮೆದುಳಿಗೂ ಸ್ನಾಯುಗಳಿಗೂ ಅದು ಬೇಕು. ಗಡ್ಡೆಯನ್ನಷ್ಟೇ ಉಪವಾಸ ಕೆಡವುವ ದಾರಿಯಿಲ್ಲ.

ಚಿಕಿತ್ಸೆಯ ನಡುವೆ ಊಟ ಕಡಿಮೆ ಮಾಡಿ ತೂಕ ಇಳಿದರೆ ನಿಶ್ಶಕ್ತಿ ಹೆಚ್ಚಿ, ಮುಂದಿನ ಕೀಮೋವನ್ನೇ ಮುಂದೂಡಬೇಕಾಗಬಹುದು. ಬೇಳೆ, ಕಾಳು, ಹಾಲು, ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು ಹೀಗೆ ಪ್ರೋಟೀನ್ ಇರುವ ಆಹಾರ ಪ್ರತಿ ಊಟದಲ್ಲೂ ಇರಲಿ. ಬಾಯಿ ಹುಣ್ಣಾದಾಗ ಖಾರ, ಹುಳಿ ಬಿಟ್ಟು ಗಂಜಿ, ರಾಗಿ ಅಂಬಲಿ, ಮೆತ್ತಗಿನ ಅನ್ನ ಕೊಡಿ. ಮೆದು ಬ್ರಷ್ ಬಳಸಿ, ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಲಿ. ರಸ್ತೆ ಬದಿಯ ಕತ್ತರಿಸಿದ ಹಣ್ಣು, ಹಸಿ ಮೊಳಕೆ ಕಾಳು, ಕುದಿಸದ ನೀರು ಈ ದಿನಗಳಲ್ಲಿ ಬೇಡ.

ಲಕ್ಷ್ಮಣ ಫಲ, ಅರಿಶಿನ, ಕಷಾಯ

'ಹತ್ತು ಸಾವಿರ ಪಟ್ಟು' ಎಂಬ ಮಾತು ಬಂದದ್ದು ಪ್ರಯೋಗಾಲಯದಿಂದ. ಈ ಗಿಡದ ಒಂದು ರಾಸಾಯನಿಕವನ್ನು ಅಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದ್ದರು. ಅದೂ ಸ್ತನದ ಕ್ಯಾನ್ಸರ್ ಅಲ್ಲ, ಕರುಳಿನದು. ಗಾಜಿನ ತಟ್ಟೆಯಲ್ಲಿ ಕೋಶಗಳನ್ನು ಕೊಲ್ಲುವ ವಸ್ತುಗಳು ನೂರಾರಿವೆ. ಮನುಷ್ಯರಲ್ಲಿ ಕೆಲಸ ಮಾಡುವುದು ಬೆರಳೆಣಿಕೆಯಷ್ಟು. ಲಕ್ಷ್ಮಣ ಫಲ ಮನುಷ್ಯರ ಸ್ತನ ಕ್ಯಾನ್ಸರ್ ವಾಸಿ ಮಾಡುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಕೆರಿಬಿಯನ್ ದ್ವೀಪವಾದ ಗ್ವಾಡಲೂಪ್‌ನಲ್ಲಿ ಈ ಹಣ್ಣನ್ನೂ ಎಲೆಯ ಚಹಾವನ್ನೂ ಅತಿಯಾಗಿ ಬಳಸುವುದಕ್ಕೂ ಪಾರ್ಕಿನ್ಸನ್ ರೀತಿಯ ನರರೋಗಕ್ಕೂ ಸಂಬಂಧವಿರಬಹುದು ಎಂದು ಸಂಶೋಧಕರು ಗುರುತಿಸಿದ್ದಾರೆ.

ಸಾರಿನಲ್ಲಿ ಹಾಕುವ ಅರಿಶಿನಕ್ಕೆ ತೊಂದರೆಯಿಲ್ಲ. ಅದರ ಸತ್ವದ ಮಾತ್ರೆ, ದಿನವೂ ಕುಡಿಯುವ ಗಟ್ಟಿ ಕಷಾಯದ ವಿಷಯ ಬೇರೆ. ಕೀಮೋ ಔಷಧಿಗಳನ್ನು ಸಂಸ್ಕರಿಸುವ ಕೆಲಸ ಯಕೃತ್ತಿನದು. ಅದೇ ಹೊತ್ತಿಗೆ ಇನ್ನೊಂದು ಹೊರೆ ಬಿದ್ದರೆ ಅಪಾಯ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಏನನ್ನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ.

ಮುಟ್ಟಿದರೆ ಅಂಟುತ್ತದೆಯೇ?

ಕ್ಯಾನ್ಸರ್ ಅಂಟುರೋಗವಲ್ಲ. ಪ್ರತ್ಯೇಕ ತಟ್ಟೆ, ಲೋಟ, ಹಾಸಿಗೆ ಬೇಕಿಲ್ಲ. ಸ್ತನಕ್ಕೆ ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಷನ್ ಎಕ್ಸ್‌ರೇ ಇದ್ದಂತೆ. ಯಂತ್ರ ಆಫ್ ಆದ ಕೂಡಲೇ ಕಿರಣವೂ ಇಲ್ಲ. ಮನೆಗೆ ಬಂದು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು.

ಎಚ್ಚರ ಬೇಕಾದ ಒಂದು ಸಂಗತಿಯಿದೆ. ಕೀಮೋ ಆದ ಎರಡು ದಿನ ಮೂತ್ರ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಸ್ವಚ್ಛ ಮಾಡುವವರು ಕೈಗವಸು ಹಾಕಿಕೊಳ್ಳಲಿ, ಶೌಚಾಲಯಕ್ಕೆ ಹೆಚ್ಚು ನೀರು ಹಾಕಲಿ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಕೊಟ್ಟಿದ್ದರೆ ಒಂದೆರಡು ದಿನ ಮೂತ್ರ ಕೆಂಪಾಗಿ ಹೋಗಬಹುದು. ಅದು ಔಷಧಿಯ ಬಣ್ಣ. ಆಮೇಲೂ ಕೆಂಪಾಗಿದ್ದರೆ ತೋರಿಸಿ.

ಆಪರೇಷನ್ ಆದ ಕೈಯಲ್ಲಿ ಬಿಂದಿಗೆ ಎತ್ತಬಾರದೇ?

ಕಂಕುಳಿನ ಗ್ರಂಥಿ ತೆಗೆದಾಗ ಆ ಕೈಯಲ್ಲಿ ದ್ರವ ನಿಂತು ಊದಿಕೊಳ್ಳುವ ಸಾಧ್ಯತೆ ಇದೆ. ಆ ಭಯದಿಂದ ಹಿಂದೆ 'ಜೀವನಪೂರ್ತಿ ಭಾರ ಎತ್ತಬೇಡಿ' ಎನ್ನುತ್ತಿದ್ದರು. ಈಗ ಆ ಸಲಹೆ ಬದಲಾಗಿದೆ. ತರಬೇತಿಯಲ್ಲಿ ನಿಧಾನವಾಗಿ ಭಾರ ಹೆಚ್ಚಿಸುತ್ತ ವ್ಯಾಯಾಮ ಮಾಡಿದವರಲ್ಲಿ ಊತ ಹೆಚ್ಚಲಿಲ್ಲ ಎಂದು 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ತೋರಿಸಿತು.

ಗಾಯ ಮಾಯುವವರೆಗೆ ಭಾರ ಬೇಡ, ಆದರೆ ಫಿಸಿಯೋಥೆರಪಿಸ್ಟ್ ಹೇಳಿದ ಭುಜದ ವ್ಯಾಯಾಮ ತಪ್ಪಿಸಬೇಡಿ. ತಪ್ಪಿಸಿದರೆ ಭುಜ ಬಿಗಿಯುತ್ತದೆ, ತಲೆ ಬಾಚಲೂ ಕಷ್ಟವಾಗುತ್ತದೆ. ಬಳೆ ಬಿಗಿಯಾದರೆ, ಕೈ ಭಾರ ಎನಿಸಿದರೆ ಬೇಗ ತೋರಿಸಿ. ಕೆಲವು ಕೀಮೋಗಳಿಂದ ಬೆರಳು, ಪಾದ ಜೋಮು ಹಿಡಿಯುತ್ತವೆ. ಬಿಸಿ ತವೆ ಮುಟ್ಟುವಾಗ ಜೋಪಾನ, ಮನೆಯೊಳಗೂ ಚಪ್ಪಲಿ ಇರಲಿ.

ಕೀಮೋ ಮುಗಿಯಿತು, ಮಾತ್ರೆ ಏಕೆ?

ಹೆಚ್ಚು ಜನ ಎಡವುವುದು ಇಲ್ಲೇ. ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್ ಆಗಿದ್ದರೆ ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್‌ನಂಥ ಮಾತ್ರೆಯನ್ನು ಕನಿಷ್ಠ 5 ವರ್ಷ, ಕೆಲವರು 10 ವರ್ಷದವರೆಗೆ ದಿನವೂ ತೆಗೆದುಕೊಳ್ಳಬೇಕು. ಕೂದಲು ಮತ್ತೆ ಬಂದು, ಮೈಯಲ್ಲಿ ಕಸುವು ಬಂದಾಗ 'ಇನ್ನೇಕೆ' ಎನಿಸುವುದು ಸಹಜ. ಆದರೆ ಕಾಯಿಲೆ ಮರಳದಂತೆ ಕಾಯುವುದು ಈ ಮಾತ್ರೆಯೇ.

ಮೈ ಬಿಸಿಯೇರಿ ಬೆವರುವುದು, ಕೀಲುನೋವು ಬಂದರೆ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿ. ಮಾತ್ರೆ ಬದಲಿಸಿ ಕೊಡಲು ಸಾಧ್ಯವಿದೆ. ಟ್ಯಾಮಾಕ್ಸಿಫೆನ್ ನುಂಗುವವರಿಗೆ ಮುಟ್ಟು ನಿಂತ ಮೇಲೂ ರಕ್ತಸ್ರಾವ ಕಂಡರೆ, ಒಂದು ಕಾಲು ಊದಿ ನೋವಾದರೆ ತಡಮಾಡಬಾರದು.

ಫಾಲೋ-ಅಪ್ ಎಂದರೆ ಪ್ರತಿ ಬಾರಿ ಸ್ಕ್ಯಾನ್ ಅಲ್ಲ

ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ವರ್ಷಕ್ಕೊಂದು ಮ್ಯಾಮೋಗ್ರಾಮ್. ಸಾಮಾನ್ಯವಾಗಿ ಇಷ್ಟೇ. ಯಾವ ಲಕ್ಷಣವೂ ಇಲ್ಲದಿದ್ದಾಗ ಸಮಾಧಾನಕ್ಕಾಗಿ ಪೆಟ್ ಸ್ಕ್ಯಾನ್ ಮಾಡಿಸುವುದರಿಂದ ಆಯಸ್ಸು ಹೆಚ್ಚುವುದಿಲ್ಲ, ಖರ್ಚು ಮತ್ತು ಗಾಬರಿ ಹೆಚ್ಚುತ್ತವೆ. ಹೊಸ ಗಂಟು, ಬಿಡದ ಮೂಳೆನೋವು, ವಾರಗಟ್ಟಲೆ ಕೆಮ್ಮು, ಉಸಿರಾಟದ ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮುಂದಿನ ದಿನಾಂಕಕ್ಕೆ ಕಾಯದೆ ಹೋಗಿ.

ಖರ್ಚಿನ ಭಯಕ್ಕೆ ಚಿಕಿತ್ಸೆ ಬಿಡುವ ಮೊದಲು ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಚಿಕಿತ್ಸೆಗೆ ಓಡಾಡುವ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಸಿಗುತ್ತದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಫಾರ್ವರ್ಡ್ ಮಾಡುವ ಮುನ್ನ

ಮೆಸೇಜು 'ಆಸ್ಪತ್ರೆಗೆ ಹೋಗಬೇಡಿ' ಎನ್ನುತ್ತಿದೆಯೇ? ಒಂದೇ ಮದ್ದು ಎಲ್ಲ ಕ್ಯಾನ್ಸರಿಗೂ ಸಾಕು ಎನ್ನುತ್ತಿದೆಯೇ? ಯಾವ ಅಧ್ಯಯನ, ಯಾರ ಮೇಲೆ ನಡೆದದ್ದು ಎಂದು ಹೇಳದೆ 'ವಿಜ್ಞಾನಿಗಳು ಕಂಡುಹಿಡಿದಿದ್ದಾರೆ' ಎನ್ನುತ್ತಿದೆಯೇ? ಮೂರರಲ್ಲಿ ಒಂದಕ್ಕೆ ಹೌದು ಎಂದಾದರೂ ಅಲ್ಲೇ ನಿಲ್ಲಿಸಿ. ಚಿಕಿತ್ಸೆಯಲ್ಲಿರುವವರಿಗೆ ಏನಾದರೂ ಮಾಡಲೇಬೇಕು ಅನಿಸಿದರೆ ಮುಂದಿನ ಕೀಮೋ ಯಾವತ್ತು ಎಂದು ಕೇಳಿ, ಜೊತೆಗೆ ಹೋಗಿ ಬನ್ನಿ.